ಬ್ಯೂರೆಟ್ಟು ಬಿ.ಎ.ಯವರಿಗೆ, ಗಜನಿಯ ಮಾತುಕತೆ ಬಿ.ಎಸ್ಸಿ.ಯವರಿಗೆ: ನನ್ನ ಅನುಭವ

ಕುಮಟಾ ತಾಲ್ಲೂಕಿನ ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ನಾನು, ಬಿ.ಎಸ್ಸಿ., ಬಿ.ಎ. ಮತ್ತು ಬಿ.ಕಾಂ. ವಿದ್ಯಾರ್ಥಿಗಳನ್ನು ಒಂದೇ ತಂಡದಲ್ಲಿ ಸೇರಿಸಿ ಅಘನಾಶಿನಿ ನದಿಯ ಗಜನಿ ಭೂಮಿಯ, ಎಂದರೆ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳ, ನೀರಿನ ಉಪ್ಪು ಅಳೆಯಿಸುತ್ತೇನೆಂದಾಗ, ಸಹೋದ್ಯೋಗಿಗಳು ಇದು ಪಿಕ್‌ನಿಕ್ ಆಗಿ ಮುಗಿಯುತ್ತದೆ ಎಂದರು. ಮೊದಲ ವರ್ಷ ಅವರ ಮಾತೇ ನಿಜವಾಯಿತು. ಟೈಟ್ರೇಶನ್, ಅಂದರೆ ದ್ರಾವಣವನ್ನು ಹನಿಹನಿಯಾಗಿ ಬೆರೆಸಿ ಉಪ್ಪಳೆಯುವ ಕೆಲಸ, ವಿಜ್ಞಾನದವರಿಗೆ, ವರದಿ ಬರೆಯುವುದು ಉಳಿದವರಿಗೆ ಎಂದು ಹಂಚಿದ್ದೇ ನನ್ನ ತಪ್ಪು. ಬಿ.ಎಸ್ಸಿ.ಯವರು ರೆಕಾರ್ಡ್ ಪುಸ್ತಕ ತುಂಬಿಸಿದರು, ಬಿ.ಎ.ಯವರು ಮಧ್ಯಾಹ್ನದ ಬಸ್ಸು ಹಿಡಿದರು.

ಎರಡನೆಯ ವರ್ಷ ಕೆಲಸಗಳನ್ನು ಅದಲುಬದಲು ಮಾಡಿದೆ. ದ್ರಾವಣ ಹನಿಸುವ ಅಳತೆಯ ಗಾಜಿನ ಕೊಳವೆ, ಬ್ಯೂರೆಟ್ಟು, ಬಿ.ಎ.ಯವರ ಕೈಗೆ ಹೋಯಿತು. ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ ರೈತರನ್ನು ಮಾತನಾಡಿಸುವ ಹೊಣೆ ಬಿ.ಎಸ್ಸಿ.ಯವರಿಗೆ ಬಂತು; ಲೆಕ್ಕ ಮಾತ್ರ ಬಿ.ಕಾಂ.ಗೇ ಉಳಿಯಿತು. ಮಾರ್ಚಿನ ಉಬ್ಬರದ ನೀರನ್ನು ತೆಳುಗೊಳಿಸದೆ ಹತ್ತು ಮಿಲಿಲೀಟರ್ ತೆಗೆದುಕೊಂಡಿದ್ದರಿಂದ, ಐವತ್ತು ಮಿಲಿಲೀಟರಿನ ಬ್ಯೂರೆಟ್ಟು ಬರಿದಾದರೂ ಅಳತೆ ಮುಗಿಯಿತೆಂದು ಸೂಚಿಸುವ ಇಟ್ಟಿಗೆ ಕೆಂಪು ಬಣ್ಣ ಬರಲಿಲ್ಲ. ಸುಮಾರು ಮೂರು ಸಾವಿರ ರೂಪಾಯಿ ಕೊಟ್ಟು ನನ್ನ ಕೈಯಿಂದಲೇ ತಂದಿದ್ದ 25 ಗ್ರಾಂ ಸಿಲ್ವರ್ ನೈಟ್ರೇಟ್, ಬ್ಯೂರೆಟ್ಟಿಗೆ ತುಂಬುವ ದ್ರಾವಣದ ಬೆಳ್ಳಿಯ ಲವಣ, ಒಂದೇ ದಿನದಲ್ಲಿ ಮುಗಿಯಿತು. ಆದರೂ ಅದು ತಗುಲಿ ವಾರಗಟ್ಟಲೆ ಕಪ್ಪಾಗಿ ಉಳಿದ ಬೆರಳುಗಳನ್ನು ಬಿ.ಎ.ಯ ಹುಡುಗಿಯರು ಕಾರಿಡಾರಿನಲ್ಲಿ ತೋರಿಸಿಕೊಂಡು ತಿರುಗಿದರೆಂಬುದನ್ನು ನಾನು ಆ ವರ್ಷದ ಗಳಿಕೆಯೆಂದೇ ಎಣಿಸುತ್ತೇನೆ.

ಬಿ.ಎಸ್ಸಿ.ಯವರ ಪಾಡು ಬೇರೆ. ಪ್ರಶ್ನಾವಳಿ ಹಿಡಿದು ನಿಂತ ಒಬ್ಬನಿಗೆ ಹಿರಿಯ ರೈತರೊಬ್ಬರು, ‘ತಮಾ, ಬರೆಯೂದು ಬಿಡು, ನೀರು ನೋಡು’ ಎಂದರಂತೆ. ಅರ್ಧ ಪುಟದೊಂದಿಗೆ ಮರಳಿದ ಆತ ಮುಂದಿನ ಭಾನುವಾರ ಯಾರೂ ಹೇಳದೆ ಮತ್ತೆ ಹೋದ. ಮುಂಗಾರಿನ ನೀರು ಗದ್ದೆಯ ಉಪ್ಪನ್ನು ತೊಳೆಯುವ ಹೊತ್ತನ್ನು ನೋಡಿಯೇ ಬಿತ್ತನೆ ನಡೆಯುತ್ತದೆ ಎಂಬುದನ್ನು ತರಗತಿಗೆ ಬಂದು ವಿವರಿಸಿದ. ಎರಡು ವರ್ಷಗಳಲ್ಲಿ ಅವನ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

ನಡುವೆ ಪಠ್ಯಕ್ಕೆ ಸಂಬಂಧವಿಲ್ಲದ ಒಂದು ಪ್ರಯೋಗವನ್ನೂ ಮಾಡಿದೆವು. ಅದೇ ಹಿರಿಯ ರೈತರು ಐದು ಬಾಟಲಿಗಳ ನೀರನ್ನು ನಾಲಗೆಯ ಮೇಲಿಟ್ಟು ಉಪ್ಪಿನ ಕ್ರಮದಲ್ಲಿ ಜೋಡಿಸಿದರು. ಬ್ಯೂರೆಟ್ಟಿನ ಲೆಕ್ಕಕ್ಕೆ ಹೋಲಿಸಿದಾಗ ಒಂದು ಜೋಡಿ ಮಾತ್ರ ಅದಲುಬದಲಾಗಿತ್ತು.

ನೀರು ಅಳೆಯುವ ಶನಿವಾರಗಳ ಹಾಜರಿ ನಲವತ್ತನಾಲ್ಕರಲ್ಲಿ ಇಪ್ಪತ್ತರ ಆಸುಪಾಸಿನಿಂದ ಮೂವತ್ತೆಂಟರವರೆಗೆ ಏರಿದ ಮೇಲೆ, ಪಿಕ್‌ನಿಕ್ ಎಂದವರೇ ತಂಡ ಕಟ್ಟುವ ಬಗೆ ಕೇಳಲು ಬಂದರು. ಯಾರನ್ನು ಯಾರೊಡನೆ ಕೂರಿಸಬೇಕೆಂಬ ನನ್ನ ಪಟ್ಟಿಯನ್ನು ಮಾತ್ರ ಇನ್ನೂ ಯಾರಿಗೂ ತೋರಿಸಿಲ್ಲ. ಈಗ ನೀರನ್ನು ಹತ್ತು ಪಟ್ಟು ತೆಳುಗೊಳಿಸುತ್ತೇವೆ. ಜಮಾಖರ್ಚು ನೋಡಿಕೊಳ್ಳುವ ಬಿ.ಕಾಂ. ಹುಡುಗ, ‘ಮೊದಲು ಒಂದು ಟೈಟ್ರೇಶನ್ನಿಗೆ ನೂರು ರೂಪಾಯಿಗೂ ಮಿಕ್ಕಿ ಸುರಿದಿದ್ದೀರಿ ಸರ್, ಈಗ ಹತ್ತು’ ಎಂದು ಎಲ್ಲರೆದುರು ಓದಿ ಹೇಳಿದ.