ಕಂಬಳಿಯೊಳಗೆ ಓದಿದ ವೀರಗಲ್ಲು: ನನ್ನ ಅನುಭವ

ನಮ್ಮೂರ ಕೆರೆ ಏರಿಯ ವೀರಗಲ್ಲನ್ನು, ಅಂದರೆ ಕಾದಾಡಿ ಸತ್ತ ವೀರನ ನೆನಪಿಗೆ ನೆಟ್ಟ ಕಲ್ಲಿನ ಬರಹವನ್ನು, ಕೊನೆಗೂ ಓದಿ ಮುಗಿಸಿದೆ. ಒಂಬತ್ತು ಸಾಲು, ಮೂರು ವರ್ಷ. "ಸವೆದ ಕಲ್ಲು ಮೇಷ್ಟ್ರೇ, ಅದರಲ್ಲೇನು ಸಿಗುತ್ತೆ, ಸುಮ್ನೆ ಬಿಡಿ" ಅಂದವರೇ ಜಾಸ್ತಿ. ಶಾಸನದಲ್ಲಿ ಪಳಗಿದ ಇಬ್ಬರು ಬಂದು ನೋಡಿ, ಶುರುವಿನ 'ಸ್ವಸ್ತಿ' ಅನ್ನುವ ಮಂಗಳದ ಮಾತು ಬಿಟ್ಟರೆ ಏನೂ ಉಳಿದಿಲ್ಲ ಅಂತ ಹೇಳಿ ಹೋಗಿದ್ದರು. ಈಗ ಅವರೇ ಫೋಟೋ ಕೇಳುತ್ತಿದ್ದಾರೆ.

ಬಿ. ಎಲ್. ರೈಸ್ 1886ರಲ್ಲಿ ಕೊಡಗಿನಿಂದ ಶುರುಮಾಡಿ ನಮ್ಮ ಕಡೆಯ ಶಾಸನಗಳನ್ನು ಸೇರಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟ ತಂದರಲ್ವಾ, ಅದರಲ್ಲಿ ನಮ್ಮ ಕಲ್ಲು ಇಲ್ಲ. ಅದು ಏರಿಯ ಮಣ್ಣಿನಲ್ಲಿ ಹೂತಿತ್ತು. ದುರಸ್ತಿ ಮಾಡುವಾಗ ಜೆಸಿಬಿ ಹಲ್ಲಿಗೆ ಸಿಕ್ಕಿ ಮೇಲೆ ಬಂತು, ಬಲ ಅಂಚಿನ ಒಂದು ಚಕ್ಕೆ ಹಾರಿಹೋಯಿತು. ಕೆಳಗೆ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಚಿತ್ರವೆಲ್ಲ ಚೆನ್ನಾಗಿತ್ತು. ಪಟ್ಟಿಗಳ ಮೇಲಿನ ಅಕ್ಷರ ಮಾತ್ರ ಬೆರಳಿಗೆ ಸಿಗುತ್ತಿತ್ತು, ಕಣ್ಣಿಗೆ ಸಿಗುತ್ತಿರಲಿಲ್ಲ.

ಮೊದಲು ಪಡಿಯಚ್ಚು ತೆಗೆಯಲು ಹೋದೆ, ಅಂದರೆ ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ ಮಸಿ ಹಚ್ಚಿ ಅಕ್ಷರದ ಅಚ್ಚು ತೆಗೆಯುವುದು. ಕಾಗದ, ಬ್ರಷ್, ಮಸಿ ಅಂತ ಸುಮಾರು 3,000 ರೂಪಾಯಿ ಹೋಯಿತು. ಕಲ್ಲು ಮೇಲೆ ಬಂದ ದಿನದಿಂದ ಜನ ಎಣ್ಣೆ ಕುಂಕುಮ ಹಚ್ಚುತ್ತಿದ್ದರು. ಒದ್ದೆ ಕಾಗದ ಕೂರಲೇ ಇಲ್ಲ, ಜಾರಿತು, ಮೂರು ಸಲ ಹರಿಯಿತು. ಆಮೇಲೆ ಅಕ್ಷರದ ತಗ್ಗಿಗೆ ಸೀಮೆಸುಣ್ಣದ ಪುಡಿ ತುಂಬಿ ನೋಡಿದೆ. ಅದು ನಾನು ಮಾಡಿದ ದೊಡ್ಡ ತಪ್ಪು. ಪುಡಿ ತುಂಬಿದರೆ ಬಿರುಕೂ ಅಕ್ಷರದ ಹಾಗೇ ಕಾಣುತ್ತದೆ. ಒಂದು ಬಿರುಕನ್ನು 'ಕೆಱೆ' ಅಂತ ಓದಿ, ಇದು ಕೆರೆ ಕಟ್ಟಿಸಿದ ಶಾಸನ ಅಂತ ಊರಿಗೆಲ್ಲ ಹೇಳಿದ್ದೆ. ಆರು ತಿಂಗಳಾದ ಮೇಲೆ ಮನೆಮನೆಗೂ ಹೋಗಿ ಆ ಮಾತು ವಾಪಸ್ ತಗೊಂಡೆ. ಪುಡಿ ಹಾಕುವವರಿಗೆ ಈಗ ಕೈಮುಗಿದು ಹೇಳುತ್ತೇನೆ, ಬೇಡ.

ಆಮೇಲೆ ಓರೆ ಬೆಳಕು, ಅಂದರೆ ಪಕ್ಕದಿಂದ ಬೆಳಕು ಬಿಟ್ಟು ಅಕ್ಷರದ ತಗ್ಗಿಗೆ ನೆರಳು ಬೀಳಿಸುವುದು; ಗೊತ್ತಿದ್ದವರಿಗೆ ಇದು ಹೊಸದಲ್ಲ. ರಾತ್ರಿ ಟಾರ್ಚ್ ಹಿಡಿದು ಹೋದೆ, ಮೊದಲ ದಿನವೇ ಅಕ್ಷರ ಎದ್ದು ಬಂದವು. ಮೂರನೇ ರಾತ್ರಿ ಹತ್ತಾರು ಜನ ಸುತ್ತುವರಿದರು, ನಿಧಿ ತೆಗೆಯಲು ಬಂದಿದ್ದಾನೆ ಅಂತ. ಅವರದ್ದೂ ತಪ್ಪಲ್ಲ. ನಿಧಿ ಆಸೆಗೆ ಎಷ್ಟು ಕಲ್ಲು ಒಡೆದಿದ್ದಾರೆ ಅನ್ನುವುದು ನಮಗೆಲ್ಲ ಗೊತ್ತು. ಅವತ್ತಿಗೆ ರಾತ್ರಿ ಕೆಲಸ ನಿಂತಿತು.

ಹಾಗಾದರೆ ಹಗಲಲ್ಲೇ ಕತ್ತಲು ಮಾಡಬೇಕು. ನಾಲ್ಕು ಬಿದಿರು ಗಳ ನೆಟ್ಟು, ಮನೆಯ ಎರಡು ಕರಿ ಕಂಬಳಿ ಹೊದಿಸಿದೆ. ಒಳಗೆ ಉಸಿರುಕಟ್ಟುವ ಸೆಕೆ, ಆದರೆ ಕಗ್ಗತ್ತಲು. ಹಳೇ ಕ್ಯಾಮೆರಾ ಸುಮಾರು 9,000, ಸ್ಟ್ಯಾಂಡ್ ಸಾವಿರದ ಮೇಲೆ, ಟಾರ್ಚ್ 400 ಚಿಲ್ಲರೆ. ಸ್ಕ್ಯಾನ್ ಮಾಡಿಸಲು ಒಬ್ಬರು 40,000 ಕೇಳಿದ್ದರು! ಕ್ಯಾಮೆರಾ ಅಲುಗಾಡದ ಹಾಗೆ ನಿಲ್ಲಿಸಿ, ಟಾರ್ಚನ್ನು ಕಲ್ಲಿನ ಮೈಗೆ ಒರಗಿಸಿ, ಗಡಿಯಾರದ ಮುಳ್ಳಿನಂತೆ ಸುತ್ತ 12 ಕಡೆ ಇಟ್ಟು 12 ಫೋಟೋ. ಪಕ್ಕದಿಂದ ಬೆಳಕು ಬಿಟ್ಟರೆ ಉದ್ದ ಗೀಟು ಕಾಣುತ್ತದೆ, ಅಡ್ಡ ಗೀಟು ಕಾಣಲ್ಲ. ಮೇಲಿಂದ ಬಿಟ್ಟರೆ ಉಲ್ಟಾ. ಪೂರ್ತಿ ಅಕ್ಷರ ಒಂದೇ ಫೋಟೋದಲ್ಲಿ ಸಿಗುವುದೇ ಇಲ್ಲ. ಟಾರ್ಚಿನ ಬಾಯಿಗೆ ನಾನು ಒಂದು ಚೂರು ಸಾಮಾನು ಕಟ್ಟುತ್ತೇನೆ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಪಕ್ಕದ ಹೋಬಳಿಯ ಇನ್ನೆರಡು ಕಲ್ಲು ಮುಗಿಯಲಿ.

ನಡುವೆ ಕನ್ನಡಿಯಿಂದ ಬಿಸಿಲು ತಿರುಗಿಸಿಯೂ ನೋಡಿದೆ. ಚೆನ್ನಾಗಿಯೇ ಬರುತ್ತದೆ, ಆದರೆ ಕನ್ನಡಿ ಹಿಡಿಯುವ ಹುಡುಗನ ಕೈ ನಿಲ್ಲಬೇಕು. ಮೊಬೈಲಿನಲ್ಲಿ ಎಪ್ಪತ್ತು ಎಂಬತ್ತು ಫೋಟೋ ತೆಗೆದು ಮೂರು ಆಯಾಮದ ಚಿತ್ರವನ್ನೂ ಕಟ್ಟಿಸಿದೆ. ಲ್ಯಾಪ್‌ಟಾಪ್ ಇಡೀ ರಾತ್ರಿ ಓಡಿತು. ವೀರನ ಕತ್ತಿ, ಕುದುರೆಯ ಜೀನು ಎಲ್ಲ ಸೊಗಸಾಗಿ ಬಂತು, ಸಣ್ಣ ಅಕ್ಷರ ಬರಲಿಲ್ಲ.

ಕಂಬಳಿಯೊಳಗೆ ಮೊದಲು ಸಿಕ್ಕಿದ್ದು ತೇದಿ. ಶಕವರ್ಷ 1100 ಅನ್ನುವುದು ಸ್ಪಷ್ಟ. ಮುಂದೆ ಸಂವತ್ಸರದ ಹೆಸರು, 'ವಿಳಂಬಿ'. ಅದರ ಹಿಂದಿನ ಅಕ್ಷರ 'ಹೇ' ಆದರೆ ಹೇವಿಳಂಬಿ ಸಂವತ್ಸರ, ಅಂದರೆ ಇಸವಿ 1177. ಅಲ್ಲದಿದ್ದರೆ ವಿಳಂಬಿ, 1178. 1100 ಅಂದರೆ ಆಗ ನಡೆಯುತ್ತಿದ್ದ ವರ್ಷವೋ, ಅಷ್ಟು ವರ್ಷ ಕಳೆದ ಮೇಲಿನದೋ ಅನ್ನುವ ತೊಡಕು ಇದ್ದೇ ಇರುವುದರಿಂದ ಲೆಕ್ಕ ಎರಡಕ್ಕೂ ಕೂಡುತ್ತದೆ. ಅಕ್ಷರವೇ ಹೇಳಬೇಕು. ಮೇಲಿನ ಬೆಳಕಿಗೆ ಅದರ ಬುಡದ ಎರಡೂ ಸುರುಳಿ ತುಂಬಿಕೊಂಡು ಬಂದವು. 'ಯ'! '1100ನೆಯ' ಅನ್ನುವುದರ ಕೊನೆಯ 'ಯ'. ಅಂದರೆ 1178, ಹೊಯ್ಸಳ ರಾಜ ಎರಡನೇ ಬಲ್ಲಾಳ ಪಟ್ಟಕ್ಕೆ ಬಂದು ಐದು ವರ್ಷ. ಕಂಬಳಿಯೊಳಗಿಂದಲೇ ಕೂಗಿದೆ, ಹೊರಗಿದ್ದ ಹುಡುಗ ಹಾವು ಬಂತೇನೋ ಅಂತ ಓಡಿಬಂದ.

ಆರನೇ ಸಾಲಿನಲ್ಲಿ 'ತುಱುವಂ ಮಗುಳ್ಚಿ' ಇದೆ. ತುಱು ಅಂದರೆ ದನ. ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ತಿರುಗಿಸಿ ತಂದು ಸತ್ತವನು. ಏರಿಯ ಕೆಳಗಿನ ಹೊಲಕ್ಕೆ 'ತುರುಗಾಳ' ಅಂತ ಯಾಕೆ ಹೆಸರು ಅಂತ ನಮ್ಮ ತಾತನಿಗೂ ಗೊತ್ತಿರಲಿಲ್ಲ. ಈಗ ಒಂದು ಊಹೆ ಇದೆ.

ಅವನ ಹೆಸರು ಏಳನೇ ಸಾಲಿನ ಬಲ ತುದಿಯಲ್ಲಿತ್ತು. ಉಳಿದಿರುವುದು 'ಮಾ' ಒಂದೇ, ಮುಂದಿನದು ಹಾರಿಹೋದ ಆ ಚಕ್ಕೆಯಲ್ಲಿದೆ. ತೆಗೆದ ಮಣ್ಣನ್ನು ಏರಿಯ ಒಳಮಗ್ಗುಲಿಗೇ ಸುರಿದಿದ್ದರು. ಬೇಸಿಗೆಯಲ್ಲಿ ನೀರು ಇಳಿದ ತಕ್ಷಣ ಜರಡಿ ತಗೊಂಡು ಇಳಿಯುತ್ತೇನೆ.