ಯೆಜ್ಡಿ ಎಂಜಿನ್: ಹೋದ ಬೇರಿಂಗನ್ನು ಎಸೆಯುವ ಮುನ್ನ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತಾದರೂ, ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳ ಎಂಜಿನ್ನನ್ನು ಮನೆಯಲ್ಲೇ ಬಿಚ್ಚಿ ಕಟ್ಟುವ ಆಸಕ್ತರು ಇಂದಿಗೂ ಇದ್ದಾರೆ. ಹೀಗೆ ಕಟ್ಟಿದ ಎಂಜಿನ್ ಸ್ವಲ್ಪ ಓಡುವಷ್ಟರಲ್ಲೇ ಮತ್ತೆ ಸದ್ದು ಮಾಡತೊಡಗಿದರೆ, ಬೇರಿಂಗ್ (ಒಳಬಳೆ, ಹೊರಬಳೆಗಳ ನಡುವೆ ಉಕ್ಕಿನ ಬಾಲ್‌ಗಳಿದ್ದು ಶಾಫ್ಟನ್ನು ಸಲೀಸಾಗಿ ತಿರುಗಿಸುವ ಭಾಗ) ನಕಲಿಯೆಂದು ಅಂಗಡಿಯವರನ್ನು ದೂರುವುದು ರೂಢಿ. ಪೇಟೆಯಲ್ಲಿ ನಕಲಿ ಮಾಲು ಇರುವುದು ನಿಜವೇ. ಆದರೆ ಹಳೆಯದು ಏಕೆ ಹೋಯಿತೆಂದು ನೋಡದೆ ಹೊಸದನ್ನು ಕೂರಿಸಿದರೆ ಅಸಲಿ ಮಾಲೂ ಉಳಿಯದು.

ಬಿಚ್ಚುವ ಮೊದಲು ಸದ್ದನ್ನು ಗಮನಿಸಬೇಕು. ಎಂಜಿನ್ ವೇಗದೊಂದಿಗೆ ಏರುವ ಗರಗರ ಸದ್ದು ಸಾಮಾನ್ಯವಾಗಿ ಕ್ರ್ಯಾಂಕನ್ನು, ಅಂದರೆ ಎಂಜಿನ್ನಿನ ಮುಖ್ಯ ತಿರುಗು ಶಾಫ್ಟನ್ನು, ಹೊತ್ತ ಮೇನ್ ಬೇರಿಂಗ್‌ಗಳದ್ದು. ಏರಿನಲ್ಲಿ ಭಾರ ಬಿದ್ದಾಗ ಕೇಳುವ ಟಕಟಕ ಬಡಿತಕ್ಕೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡಿನ ಬಿಗ್ ಎಂಡ್, ಅಂದರೆ ಕ್ರ್ಯಾಂಕಿನ ಕಡೆಯ ತುದಿಯ ಬೇರಿಂಗ್, ಕಾರಣವಿರಬಹುದು. ಸಿಲಿಂಡರ್ ತೆಗೆದ ಮೇಲೆ ರಾಡನ್ನು ಹಿಡಿದು ಮೇಲೆ ಕೆಳಗೆ ಎಳೆದು ನೋಡಿ. ಪಕ್ಕಕ್ಕೆ ತುಸು ಜರುಗುವುದು ಸಹಜ, ಆದರೆ ನೇರಕ್ಕೆ ಅಲುಗಾಟ ಕೈಗೆ ಸಿಕ್ಕಿದರೆ ಬಿಗ್ ಎಂಡ್ ಮುಗಿದಂತೆಯೇ.

ತೆಗೆದ ಬೇರಿಂಗನ್ನು ತೊಳೆದು ಬಿಸಿಲಿನ ಬೆಳಕಿನಲ್ಲಿ ತಿರುಗಿಸಿ ನೋಡಬೇಕು. ಬಾಲ್ ಓಡುವ ಹಾದಿ ನೀಲಿಗಟ್ಟಿದ್ದರೆ ಆಯಿಲ್ ಸಾಲದೆ ಕಾದಿದೆ. ಈ ಟೂಸ್ಟ್ರೋಕ್ ಎಂಜಿನ್ನಿನ ಬಿಗ್ ಎಂಡಿಗೆ ಪೆಟ್ರೋಲಿನಲ್ಲಿ ಬೆರೆಸಿದ ಆಯಿಲೇ ಗತಿಯಾದ್ದರಿಂದ, ಗೇರಿನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಉದ್ದನೆಯ ಘಾಟಿ ಇಳಿಯುವುದೂ ಅದಕ್ಕೆ ಹಾನಿಕರ. ತುಕ್ಕಿನ ಕುಳಿಗಳು ಬೈಕು ವರ್ಷಗಟ್ಟಲೆ ನಿಂತಿದ್ದರ ಗುರುತು. ಬಾಲ್‌ಗಳ ಅಂತರಕ್ಕೆ ಸರಿಯಾಗಿ ಸಾಲಾಗಿ ತಗ್ಗುಗಳಿದ್ದರೆ ಯಾರೋ ಸುತ್ತಿಗೆಯಿಂದ ಬಡಿದು ಕೂರಿಸಿದ್ದಾರೆ. ಹೊರಬಳೆಯ ಬೆನ್ನು ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಕೇಸಿನೊಳಗೇ (ಎಂಜಿನ್ನಿನ ಹೊರಕವಚದೊಳಗೇ) ಸುತ್ತಿದೆ, ಅಂದರೆ ಬೇರಿಂಗ್ ಕೂರುವ ಅಲ್ಯೂಮಿನಿಯಂ ಗೂಡು ಸವೆದಿದೆ. ಆಗ ಗೂಡಿನ ಒಳಗೋಡೆಗೆ ಪಂಚ್ ಹೊಡೆದು ಬಿಗಿ ಮಾಡುವ ಗ್ಯಾರೇಜು ಉಪಾಯ ಹೆಚ್ಚು ದಿನ ಬಾಳದು. ಲೇತಿನವರಿಂದ ಬುಷ್ (ಗೂಡಿಗೆ ಕೂರುವ ಲೋಹದ ಬಳೆ) ಹಾಕಿಸುವುದೇ ಸರಿ.

ಹೊಸದನ್ನು ಕೊಳ್ಳುವಾಗ ಹಳೆಯದರ ಸಂಖ್ಯೆಯ ಜೊತೆಗೆ ಸಿ3 ಎಂಬ ಗುರುತೂ ಇದೆಯೇ ನೋಡಿ. ಬಿಸಿಯಲ್ಲಿ ಹಿಗ್ಗಲೆಂದು ಒಳಗೆ ಹೆಚ್ಚು ಸಡಿಲ ಬಿಟ್ಟ ಬೇರಿಂಗ್ ಅದು. ಅದರ ಬದಲು ಮಾಮೂಲಿಯದನ್ನು ಹಾಕಿದರೆ ಎಂಜಿನ್ ಕಾದಾಗ ಬಿಗಿಯಾಗುತ್ತದೆ.

ಕೂರಿಸಲು ಸುತ್ತಿಗೆ ಬೇಡ. ಪೆಟ್ರೋಲಿನ ಪಸೆಯೂ ಉಳಿಯದಂತೆ ತೊಳೆದು ಒಣಗಿಸಿದ ಕೇಸನ್ನು ಓವನ್ನಿನಲ್ಲಿ ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಬೇರಿಂಗನ್ನು ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿಟ್ಟಿದ್ದರೆ ಬಹುಪಾಲು ಅದು ತಾನಾಗಿ ಗೂಡಿಗೆ ಇಳಿಯುತ್ತದೆ. ಒತ್ತಲೇಬೇಕಾದರೆ ಕೇಸಿಗೆ ಕೂರಿಸುವಾಗ ಹೊರಬಳೆಯನ್ನು, ಶಾಫ್ಟಿಗೆ ಹಾಕುವಾಗ ಒಳಬಳೆಯನ್ನು ಮಾತ್ರ ಒತ್ತಬೇಕು. ಇಲ್ಲವಾದರೆ ಒತ್ತಡವೆಲ್ಲ ಬಾಲ್‌ಗಳ ಮೇಲೆ ಬೀಳುತ್ತದೆ.

ಬಿಗ್ ಎಂಡ್ ಬದಲಿಸುವುದು ಮನೆಯ ಕೆಲಸವಲ್ಲ. ಈ ಕ್ರ್ಯಾಂಕನ್ನು ಬಿಡಿ ಭಾಗಗಳನ್ನು ಪ್ರೆಸ್ಸಿನಲ್ಲಿ ಒತ್ತಿ ಜೋಡಿಸಿರುತ್ತಾರೆ. ರಾಡ್ ಕೂರುವ ಪಿನ್ ಬದಲಾದ ಮೇಲೆ ಕ್ರ್ಯಾಂಕಿನ ಎರಡೂ ತುದಿಗಳು ಒಂದೇ ನೇರದಲ್ಲಿ ತಿರುಗುತ್ತವೆಯೇ ಎಂದು ಸೂಕ್ಷ್ಮ ಓಲಾಟ ತೋರಿಸುವ ಡಯಲ್ ಗೇಜಿನಿಂದ ಅಳೆಯಲೇಬೇಕು. ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗಕ್ಕಿಂತ ಹೆಚ್ಚು ಓಲಾಟವಿದ್ದರೆ ಮೇನ್ ಬೇರಿಂಗ್ ಬೇಗನೆ ಹೋಗುತ್ತದೆ. ಅಳತೆಯನ್ನು ನಿಮ್ಮೆದುರೇ ತೋರಿಸಲು ಕೇಳಿ, ಸಂಕೋಚ ಬೇಡ.

ಕೇಸ್ ಮುಚ್ಚುವ ಮುನ್ನ ಕ್ರ್ಯಾಂಕಿನ ಎರಡೂ ಆಯಿಲ್ ಸೀಲ್‌ಗಳನ್ನು ಬದಲಿಸಿ. ಡೈನಮೋ ಬದಿಯ ಸೀಲ್ ಗಾಳಿ ಎಳೆದರೆ ಗಾಳಿ-ಪೆಟ್ರೋಲ್ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗಿ ಎಂಜಿನ್ ಕಾಯುತ್ತದೆ. ಬಳಿಕ ರಾಡಿನ ಬುಡಕ್ಕೂ ಬೇರಿಂಗ್‌ಗಳಿಗೂ ಟೂಸ್ಟ್ರೋಕ್ ಆಯಿಲ್ ಬಿಟ್ಟು ಕೈಯಲ್ಲಿ ತಿರುಗಿಸಿ. ಎಲ್ಲಾದರೂ ತಡೆದು ತಿರುಗಿದರೆ ಆಗಲೇ ಮತ್ತೆ ಬಿಚ್ಚಬೇಕು.