ಕೈ ಜೋಮು ಹಿಡಿಯದಂತೆ ಸೈಕಲ್ ಹೊಂದಿಸಿಕೊಂಡದ್ದು: ನನ್ನ ಅನುಭವ

ಮೌಂಟನ್ ಬೈಕ್ ಕೊಳ್ಳುವವರು ಸಾಮಾನ್ಯವಾಗಿ ಫ್ರೇಮ್ ಅಲ್ಯೂಮಿನಿಯಮ್ಮೋ ಕಾರ್ಬನ್ನೋ ಎಂದು ಕೇಳುತ್ತಾರೆ. ನಾನು ಮೊದಲು ನೋಡಿದ್ದು ಸೀಟ್ ಟ್ಯೂಬಿನ, ಅಂದರೆ ಸೀಟನ್ನು ಹೊತ್ತ ಕೊಳವೆಯ, ಕೋನವನ್ನು (ಕೋನ ಹೆಚ್ಚಿದಷ್ಟೂ ಕೊಳವೆ ನೆಟ್ಟಗಿರುತ್ತದೆ). ಬೆಂಗಳೂರಿನ ತುರಹಳ್ಳಿ ಕಾಡು ತಲುಪುವವರೆಗೆ ಡಾಂಬರು ರಸ್ತೆಯಲ್ಲೇ ತುಳಿದುಕೊಂಡು ಹೋಗುವವನು ನಾನು. ಈಚಿನ ಹಲವು ಫ್ರೇಮ್‌ಗಳಲ್ಲಿ ಈ ಕೋನ 76 ಡಿಗ್ರಿ ದಾಟುತ್ತದೆ. ಕಡಿದಾದ ಏರಿನಲ್ಲಿ ಅದು ವರವೇ ಸರಿ. ಆದರೆ ಸಮತಟ್ಟಾದ ರಸ್ತೆಯಲ್ಲಿ ಸವಾರನನ್ನು ಮುಂದಕ್ಕೆ ದೂಡಿ, ಮೈಭಾರವನ್ನೆಲ್ಲ ಅಂಗೈಗಳ ಮೇಲೆ ಹೇರುತ್ತದೆ. ಆದ್ದರಿಂದ ಮುಂದೆ ಮಾತ್ರ ಸಸ್ಪೆನ್ಷನ್ ಇರುವ, 73.5 ಡಿಗ್ರಿಯ ಹಾರ್ಡ್‌ಟೇಲ್ ಆರಿಸಿಕೊಂಡೆ.

ಎಂ, ಎಲ್ ಎಂಬ ಅಳತೆಗಳನ್ನು ನಂಬಬೇಡಿ. ಒಂದು ಕಂಪನಿಯ ಎಂ ಇನ್ನೊಂದರ ಎಲ್‌ನಷ್ಟಿರುತ್ತದೆ. ಪೆಡಲ್ ತೋಳುಗಳು ಸುತ್ತುವ ನಡು ಅಚ್ಚಿನಿಂದ ಹೆಡ್ ಟ್ಯೂಬಿನ (ಫ್ರೇಮಿನ ಮುಂದಿನ ಕೊಳವೆಯ) ಮೇಲ್ತುದಿ ಎಷ್ಟು ಮುಂದಿದೆ (ರೀಚ್), ಎಷ್ಟು ಎತ್ತರದಲ್ಲಿದೆ (ಸ್ಟ್ಯಾಕ್) ಎಂಬುದನ್ನು ಹೋಲಿಸಿ ನೋಡಿ. ಸೊಂಟನೋವಿರುವವರಿಗೆ ಸ್ಟ್ಯಾಕ್ ಹೆಚ್ಚಿರುವುದೇ ಒಳ್ಳೆಯದು. ಹೆಡ್ ಟ್ಯೂಬಿನೊಳಗಿಂದ ಮೇಲೆ ಬರುವ ಫೋರ್ಕಿನ ಕೊಳವೆಯನ್ನು ಕತ್ತರಿಸಬೇಡಿ ಎಂದು ಅಂಗಡಿಯವರಿಗೆ ಮೊದಲೇ ಹೇಳಿದ್ದೆ. ಅದು ಉದ್ದವಿದ್ದರೆ ಸ್ಟೆಮ್ಮಿನ (ಹ್ಯಾಂಡಲನ್ನು ಆ ಕೊಳವೆಗೆ ಜೋಡಿಸುವ ತುಂಡಿನ) ಕೆಳಗೆ ಸ್ಪೇಸರ್ ಎಂಬ ಬಳೆಗಳನ್ನು ಸೇರಿಸಿ ಹ್ಯಾಂಡಲ್ ಎತ್ತರಿಸಬಹುದು. ಕೊಳವೆ ಓರೆಯಾಗಿರುವುದರಿಂದ ಹ್ಯಾಂಡಲ್ ಮೇಲೇರಿದಷ್ಟೂ ತುಸು ಹತ್ತಿರಕ್ಕೂ ಬರುತ್ತದೆ.

ಹ್ಯಾಂಡಲ್ ದೂರವೆನಿಸಿದಾಗ ಸೀಟನ್ನು ಮುಂದಕ್ಕೆ ಸರಿಸುವ ಅಭ್ಯಾಸ ಅನೇಕರಿಗಿದೆ. ದಯವಿಟ್ಟು ಬೇಡ. ಸೀಟಿನ ಜಾಗ ನಿರ್ಧಾರವಾಗಬೇಕಾದದ್ದು ಕಾಲಿನ ಅಳತೆಗೆ. ಅದನ್ನು ಮೊದಲು ಗಟ್ಟಿಮಾಡಿಕೊಂಡು, ಆಮೇಲೆ ಕೈಗಳ ವಿಚಾರ ನೋಡಬೇಕು.

ನನಗೆ ಉಂಗುರ ಬೆರಳು, ಕಿರುಬೆರಳು ಜೋಮು ಹಿಡಿಯುತ್ತಿದ್ದವು. ಅಂಗೈಯ ಹೊರಬದಿಯ ನರದ ಮೇಲೆ ಒತ್ತಡ ಬಿದ್ದರೆ ಹೀಗಾಗುತ್ತದೆ. ಎಷ್ಟೇ ಮೆತ್ತನೆಯ ಗ್ರಿಪ್ ಹಾಕಿದರೂ ಮಣಿಕಟ್ಟು ಸೊಟ್ಟಗಿರುವ ತನಕ ಒತ್ತಡ ತಪ್ಪದು. ಮೌಂಟನ್ ಬೈಕಿನ ಹ್ಯಾಂಡಲ್‌ಗಳು ಸಾಮಾನ್ಯವಾಗಿ 7ರಿಂದ 9 ಡಿಗ್ರಿ ಹಿಂಬಾಗಿರುತ್ತವೆ. ನಾನು 16 ಡಿಗ್ರಿಯದನ್ನು ಹಾಕಿದೆ. ಮುಂಗೈ, ಮಣಿಕಟ್ಟು ಒಂದೇ ಗೆರೆಗೆ ಬಂದವು. ಹಿಡಿತ ಹಿಂದಕ್ಕೆ ಬಂದದ್ದರಿಂದ 50 ಮಿಲಿಮೀಟರ್ ಸ್ಟೆಮ್ ಬದಲು 60ರದ್ದು ಬೇಕಾಯಿತು. ಬ್ರೇಕ್ ಲಿವರ್‌ಗಳನ್ನೂ ಬೆರಳು ಚಾಚಿದರೆ ನೇರವಾಗಿ ಸಿಗುವಂತೆ ತಿರುಗಿಸಿಕೊಂಡೆ.

ಸ್ಟೆಮ್ ಬದಲಿಸುವಾಗ ಒಂದು ಕ್ರಮವಿದೆ. ಮೇಲಿನ ಕ್ಯಾಪ್ ಬೋಲ್ಟ್ ಇರುವುದು ಬೇರಿಂಗಿನ ಸಡಿಲ ತೆಗೆಯಲು ಮಾತ್ರ, ಅದನ್ನು ಮೊದಲು ಹೊಂದಿಸಬೇಕು. ಹಿಡಿದಿಡುವ ಪಕ್ಕದ ಬೋಲ್ಟ್‌ಗಳನ್ನು ಕೊನೆಗೆ, ಸ್ಟೆಮ್ ಮೇಲೆ ಬರೆದಿರುವ ಟಾರ್ಕಿಗೆ (ತಿರುಗಿಸುವ ಬಲದ ಅಳತೆಗೆ) ಬಿಗಿಯಬೇಕು. ನನ್ನದರಲ್ಲಿ ಅದು 5 ನ್ಯೂಟನ್ ಮೀಟರ್.

ಹ್ಯಾಂಡಲ್ ಅಗಲವೆನಿಸಿದರೂ ತಕ್ಷಣ ಗರಗಸ ಹಿಡಿಯಬೇಡಿ. ಗ್ರಿಪ್, ಲಿವರ್‌ಗಳನ್ನು ಒಳಕ್ಕೆ ಸರಿಸಿ ಕೆಲವು ವಾರ ಓಡಿಸಿ ನೋಡಿ. ಹೆಗಲು ಒಪ್ಪಿದರೆ ಎರಡೂ ತುದಿಯಲ್ಲಿ ಸಮನಾಗಿ ಕತ್ತರಿಸಿ, ತೆರೆದ ತುದಿಗಳಿಗೆ ಬಿರಡೆ ಹಾಕಿ.